ಸಿಬ್ಬಂದಿ ವಾರ್ತೆ, ಸ್ವಾಸ್ಥ್ಯ ವಾರ್ತೆ

ನಮ್ಮ ತಾಲ್ಲೂಕಿನ ಆರೋಗ್ಯ ಕಛೇರಿಯಿಂದ ತಿಂಗಳಿಗೊಮ್ಮೆ ಹೊರಡುವ ಒಂದು ಹಾಳೆಯ ವಾರ್ತಾಪತ್ರವನ್ನು ಆದ್ಯಂತವಾಗಿ ಓದುವವರು ಈ ಭೂಮಂಡಲದಲ್ಲಿ ಇಬ್ಬರೇ ಇರುವರೆಂದು ನನ್ನ ನಂಬಿಕೆ. ಒಬ್ಬರು ಅದನ್ನು ಬರೆದು ಸಿದ್ಧಪಡಿಸುವ ಪ್ರಥಮ ದರ್ಜೆ ಸಹಾಯಕರು, ಇನ್ನೊಬ್ಬನು ನಾನು. ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಗೆ ಸದಸ್ಯನಾಗಿರುವುದರಿಂದ ಓದುತ್ತೇನೆಂದು ಮನೆಯಲ್ಲಿ ಹೇಳಿಕೊಂಡಿರುವುದುಂಟು. ಆ ಸದಸ್ಯತ್ವವಾದರೋ, ಆಗಾಗ ಸಭೆ ಸೇರಿ, ಅನ್‌ಟೈಡ್ ಫಂಡ್ ಎಂಬ ಅಲ್ಪನಿಧಿಯಲ್ಲಿ ಛಾವಣಿಯ ಸೋರಿಕೆಯನ್ನು ಮೊದಲು ನಿಲ್ಲಿಸತಕ್ಕದ್ದೋ ನಲ್ಲಿಯ ಸೋರಿಕೆಯನ್ನು ಮೊದಲು ನಿಲ್ಲಿಸತಕ್ಕದ್ದೋ ಎಂಬ ವಿಷಯವಾಗಿ ದೀರ್ಘಾಲೋಚನೆ ನಡೆಸಿ, ನಡವಳಿ ಪುಸ್ತಕದಲ್ಲಿ ಸಹಿ ಮಾಡಿ, ಚಹಾ ಕುಡಿದು ಬರುವುದಕ್ಕಿಂತ ಹೆಚ್ಚಿನ ವಿದ್ವತ್ತನ್ನು ಬೇಡುವುದಿಲ್ಲ. ನಿಜವಾದ ಕಾರಣವೆಂದರೆ, ದಿನಪತ್ರಿಕೆಯಲ್ಲಿ ಮಂತ್ರಿಮಂಡಲಗಳನ್ನು ಉರುಳಿಸುವವರಲ್ಲಿ ಒಬ್ಬರಾದರೂ ನನಗೆ ಚುಚ್ಚುಮದ್ದು ಹಾಕಿದವರಲ್ಲ. ಈ ಹಾಳೆಯಲ್ಲಿ ಹೆಸರು ಬರುವವರಾದರೋ ಒಂದಲ್ಲ ಒಂದು ಕಾಲದಲ್ಲಿ ನನ್ನ ತೋಳನ್ನೋ ನಾಲಗೆಯನ್ನೋ ಪರೀಕ್ಷಿಸಿದವರು.

ಹಾಳೆಯ ಎಡಭಾಗ ಸಿಬ್ಬಂದಿ ವಾರ್ತೆಗೂ ಬಲಭಾಗ ಸ್ವಾಸ್ಥ್ಯ ವಾರ್ತೆಗೂ ಮೀಸಲು. ಸಂಪಾದಕರು ಯೌವನದಲ್ಲಿ ಕಾವ್ಯಾಭ್ಯಾಸ ಮಾಡಿ ಅನಂತರ ಟಪ್ಪಾಲು ವಿಭಾಗಕ್ಕೆ ಬಂದವರಾದುದರಿಂದ, ವೇತನ ಬಡ್ತಿಯ ವಿಷಯವನ್ನು ಬರೆಯುವಾಗಲೂ ಅವರ ಲೇಖನಿ ತನ್ನ ಗಾಂಭೀರ್ಯವನ್ನು ಬಿಟ್ಟುಕೊಡುವುದಿಲ್ಲ. ದಿನಕ್ಕೆ 5 ಗ್ರಾಂಗಿಂತ ಹೆಚ್ಚು ಉಪ್ಪು ತಿನ್ನಬಾರದೆಂದು ಮೇಲಿನಿಂದ ಬಂದ ಸುತ್ತೋಲೆಯೊಂದನ್ನು ಅವರು ಅತಿಲವಣಸೇವನೆಯ ದುಷ್ಪರಿಣಾಮಗಳ ಮೇಲೊಂದು ಚಂಪೂಪ್ರಬಂಧವನ್ನಾಗಿ ಪರಿವರ್ತಿಸಿದ್ದರು. ನಾನು ಗಟ್ಟಿಯಾಗಿ ಓದಲು ಕೇಳಿದ ನನ್ನ ಮಡದಿಯು ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೇರಿಸಲಿಲ್ಲವಾದರೂ, "ಎಷ್ಟು ಚೆನ್ನಾಗಿ ಬರೆದಿದಾರೆ ನೋಡಿ, ಉಪ್ಪು ಅನ್ನೋ ಮಾತೇ ಎಲ್ಲೂ ಬರಲಿಲ್ಲ" ಎಂದು ಮನಸಾರೆ ಮೆಚ್ಚಿಕೊಂಡಳು.

ಸಿಬ್ಬಂದಿ ವಾರ್ತೆಯಲ್ಲಿ ಜನ್ಮದಿನದ ಶುಭಾಶಯಗಳಿಗೆ ಒಂದು ಅಂಕಣವಿದೆ. ಉಳಿದ ತಿಂಗಳುಗಳಲ್ಲಿ ನಾಲ್ಕಾರು ಹೆಸರುಗಳಿಂದ ತೃಪ್ತಿಪಡುವ ಈ ಅಂಕಣವು ಜೂನ್ ಬಂದೊಡನೆ ಗೆರೆಯನ್ನು ದಾಟಿ ಸ್ವಾಸ್ಥ್ಯ ವಾರ್ತೆಯ ಸೀಮೆಯನ್ನು ಆಕ್ರಮಿಸುವುದು. ಏಕೆಂದರೆ ಹಿರಿಯ ನೌಕರರಲ್ಲಿ ಬಹುಮಂದಿ ಜೂನ್ 1ರಂದೇ ಅವತರಿಸಿದವರು. ಇದರಲ್ಲಿ ಗ್ರಹಗತಿಗಳ ಪಾತ್ರವೇನೂ ಇಲ್ಲ. ಮಗನ ಕೈಹಿಡಿದು ಶಾಲೆಗೆ ಬಂದ ತಂದೆಯು "ಕೆರೆ ಕೋಡಿ ಬಿದ್ದ ವರ್ಷ, ಅವರೆಕಾಯಿ ಕಾಲ" ಎಂದು ಜನ್ಮಮುಹೂರ್ತವನ್ನು ನಿವೇದಿಸಿಕೊಂಡಾಗ, ಅದನ್ನು ಇಂಗ್ಲಿಷ್ ತಾರೀಖಿಗೆ ಇಳಿಸುವ ಗಣಿತದಲ್ಲಿ ತೊಡಗದ ಅಂದಿನ ಮುಖ್ಯೋಪಾಧ್ಯಾಯರು, ಶಾಲೆ ತೆರೆಯುವ ತಿಂಗಳ ಮೊದಲನೆಯ ದಿನವನ್ನೇ ಕೇಳಿದವರಿಗೆಲ್ಲ ಉದಾರವಾಗಿ ದಯಪಾಲಿಸಿಬಿಟ್ಟರು. ಆ ಔದಾರ್ಯದ ಫಲ ಪಕ್ವವಾಗುವುದು ಅರುವತ್ತನೆಯ ವಯಸ್ಸಿನಲ್ಲಿ. ರಾಜ್ಯ ಸರ್ಕಾರದ ನೌಕರನು ತಾನು ಹುಟ್ಟಿದ ತಿಂಗಳ ಕಡೆಯ ದಿನ ನಿವೃತ್ತನಾಗುವನಷ್ಟೆ. ಆದರೆ ಒಂದನೆಯ ತಾರೀಖಿನಂದು ಹುಟ್ಟಿದವನು ಅದರ ಹಿಂದಿನ ತಿಂಗಳ ಕಡೆಯ ದಿನವೇ ಹೊರಡತಕ್ಕದ್ದೆಂದು ನಿಯಮ. ಆದುದರಿಂದ ಮೇ 31ರ ಅಪರಾಹ್ನ ಹಾರ, ಶಾಲು, ಫಲತಾಂಬೂಲಗಳೊಡನೆ ಮನೆಗೆ ಕಳುಹಿಸಲ್ಪಟ್ಟ ವ್ಯಕ್ತಿಗೆ, ಮರುದಿನ ಬೆಳಿಗ್ಗೆ ಅದೇ ಕಛೇರಿಯ ಹಾಳೆಯು, ತಮ್ಮ ಅಮೂಲ್ಯ ಸೇವೆಯು ಇಲಾಖೆಗೆ ನಿರಂತರವಾಗಿ ಲಭಿಸುತ್ತಿರಲೆಂದು ಜನ್ಮದಿನದ ಹಾರೈಕೆಯನ್ನು ತಲುಪಿಸುತ್ತದೆ. ಪಿಂಚಣಿಯ ಕಾಗದಗಳಿನ್ನೂ ಇದೇ ಕಛೇರಿಯಲ್ಲಿ ಇರುವುದರಿಂದ ಯಾರೂ ಆಕ್ಷೇಪಿಸಿದ್ದಿಲ್ಲ.

ಪದನಾಮಗಳ ಬದಲಾವಣೆಯೂ ಒಮ್ಮೆ ಈ ಹಾಳೆಯಲ್ಲಿಯೇ ಪ್ರಕಟವಾಯಿತು. ಕಿರಿಯ ಆರೋಗ್ಯ ಸಹಾಯಕಿಯರು ಅಂದಿನಿಂದ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳಾದರು. ಉಳಿದವರಲ್ಲಿಯೂ ಅನೇಕರು ಅಧಿಕಾರಿಗಳಾದರು. ಹಳ್ಳಿಯವರು ಮಾತ್ರ ಮೊದಲಿನಂತೆಯೇ "ನರ್ಸಮ್ಮ ಬಂದ್ರು" ಎಂದು ಕೂಸನ್ನು ಎತ್ತಿಕೊಂಡು ಬರುತ್ತಾರೆ, ಕೂಸೂ ಮೊದಲಿನಂತೆಯೇ ಅಳುತ್ತದೆ.

ಸ್ವಾಸ್ಥ್ಯ ವಾರ್ತೆಯು ಬಹುಕಾಲ ಸಾರ್ವಜನಿಕರ ಸ್ವಾಸ್ಥ್ಯಕ್ಕೆ ಸಂಬಂಧಿಸಿದುದಾಗಿದ್ದಿತು. ಅನಂತರ, ಅನ್ಯರ ಆರೋಗ್ಯವನ್ನು ಕಾಯುವವರ ಆರೋಗ್ಯವನ್ನು ಯಾರು ಕಾಯಬೇಕೆಂಬ ಯೋಚನೆ ಮೇಲಿನವರಲ್ಲಿ ಉದಿಸಿ, ಸಿಬ್ಬಂದಿಯ ರಕ್ತದೊತ್ತಡವನ್ನು ಅಳೆಯಲು ಆಜ್ಞೆಯಾಯಿತು. ಬಿಳಿಯ ನಿಲುವಂಗಿಯನ್ನು ಕಂಡೊಡನೆ ರೋಗಿಯ ರಕ್ತದೊತ್ತಡ ಏರುವುದುಂಟೆಂದು ವೈದ್ಯಶಾಸ್ತ್ರವೇ ಒಪ್ಪಿಕೊಂಡಿದೆ. ಹಗಲೆಲ್ಲ ಬಿಳಿಯ ನಿಲುವಂಗಿಗಳ ನಡುವೆಯೇ ಇರುವವರಿಗೆ ಈ ಬಾಧೆಯಿರಲಾರದೆಂದು ನಾನು ಭಾವಿಸಿದ್ದೆನು. ಆದರೆ ಅವರ ಒತ್ತಡವನ್ನು ಏರಿಸುವ ಶಕ್ತಿ ನಿಲುವಂಗಿಯಲ್ಲಿಲ್ಲ, ಪ್ರಗತಿ ಪರಿಶೀಲನಾ ಸಭೆಯಲ್ಲಿದೆ. ಆ ತಿಂಗಳ ತಪಾಸಣೆ ದೈವವಶಾತ್ ಪರಿಶೀಲನಾ ಸಭೆಯ ದಿನವೇ ಏರ್ಪಟ್ಟಿತು. ಸಭೆಗೆ ಮುಂಚೆ ಅಳೆಸಿಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ 140/90ರ ಗಡಿಯನ್ನು ದಾಟಿದ್ದರು. ಜಿಲ್ಲೆಯಿಂದ ಬರಬೇಕಾಗಿದ್ದ ಅಧಿಕಾರಿಗಳ ವಾಹನ ಕೆಟ್ಟು ನಿಂತಿದೆಯೆಂದೂ ಸಭೆ ಮುಂದೂಡಲ್ಪಟ್ಟಿತೆಂದೂ ದೂರವಾಣಿ ಬಂದ ಮೇಲೆ ಅಳೆಸಿಕೊಂಡವರೆಲ್ಲರೂ 120/80ರ ಸುವರ್ಣಮಧ್ಯದಲ್ಲಿ ವಿರಾಜಮಾನರಾಗಿದ್ದರು. ಔಷಧಿಯಿಲ್ಲದೆ ರಕ್ತದೊತ್ತಡವನ್ನು ಇಳಿಸುವ ಇಂಥ ಉಪಾಯವನ್ನು ಸಂಪಾದಕರು ಸ್ವಾಸ್ಥ್ಯ ವಾರ್ತೆಯಲ್ಲಿ ಏಕೆ ದಾಖಲಿಸಲಿಲ್ಲವೋ ನಾನರಿಯೆ.

ಯೋಗದಿನದ ಛಾಯಾಚಿತ್ರದ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. 2015ರಿಂದ ಪ್ರತಿ ಜೂನ್ 21ರಂದು ವೃಕ್ಷಾಸನದಲ್ಲಿ ನಿಲ್ಲುವ ನಮ್ಮ ಸಿಬ್ಬಂದಿಯು ಮಳೆಗಾಳಿಗೆ ಸಿಕ್ಕ ತೋಪಿನಂತೆ ನಾನಾ ದಿಕ್ಕುಗಳಿಗೆ ವಾಲಿರುವುದನ್ನು ಪ್ರತಿವರ್ಷವೂ ಕಾಣಬಹುದಾಗಿದೆ.

ಆದರೆ ನಡಿಗೆಯ ಸ್ಪರ್ಧೆಯ ವೃತ್ತಾಂತವನ್ನು ವಿಸ್ತರಿಸಿಯೇ ಹೇಳಬೇಕು. ವಾರಕ್ಕೆ 150 ನಿಮಿಷಗಳಾದರೂ ಬಿರುಸಾಗಿ ನಡೆಯಬೇಕೆಂಬ ಉಪದೇಶವನ್ನು ಕಾರ್ಯಗತಗೊಳಿಸುವುದಕ್ಕಾಗಿ, ತಿಂಗಳಲ್ಲಿ ಅತ್ಯಧಿಕ ಹೆಜ್ಜೆಗಳನ್ನು ಇಟ್ಟವರಿಗೆ ಬಹುಮಾನವೆಂದು ತಾಲ್ಲೂಕು ಕಛೇರಿಯು ಸಾರಿತು. ಹೆಜ್ಜೆಗಳನ್ನು ಎಣಿಸುವ ಭಾರ ಅವರವರ ಮೊಬೈಲಿನದು. ಮೊದಲ ವಾರದಲ್ಲಿ ಎಲ್ಲರನ್ನೂ ಮೀರಿಸಿದ ಫಾರ್ಮಸಿ ಅಧಿಕಾರಿಗಳು, ಔಷಧಿಯ ಕಿಟಕಿಯ ಹಿಂದಿನ ಕುರ್ಚಿಯನ್ನು ಬಿಟ್ಟು ಏಳುವುದನ್ನು ಕಂಡವರೇ ಇರಲಿಲ್ಲವಾದುದರಿಂದ, ವಿಚಾರಣೆ ನಡೆದು, ಆ ಹೆಜ್ಜೆಗಳಲ್ಲಿ ಬಹುಪಾಲು ರಾತ್ರಿ ಹತ್ತರ ಮೇಲೆ ಇಡಲ್ಪಟ್ಟವೆಂದೂ, ಮೊಮ್ಮಗುವಿನ ತೊಟ್ಟಿಲಿಗೆ ಮೊಬೈಲನ್ನು ಕಟ್ಟಲಾಗಿತ್ತೆಂದೂ ತಿಳಿದುಬಂದಿತು. ಮಗುವಿಗೆ ನಿದ್ರೆ, ಅಜ್ಜನಿಗೆ ವ್ಯಾಯಾಮ. ಒಂದೇ ತೂಗಿನಲ್ಲಿ ಎರಡು ಪುಣ್ಯವನ್ನು ಸಂಪಾದಿಸಿದ ಆ ಬುದ್ಧಿಶಾಲಿಯನ್ನು ಸ್ಪರ್ಧೆಯಿಂದ ಕೈಬಿಟ್ಟುದು ನನಗೆ ಸರಿಬೀಳಲಿಲ್ಲ.

ತಿಂಗಳ ಕೊನೆಯಲ್ಲಿ ಲೆಕ್ಕ ನೋಡಿದಾಗ, ಯಾರ ಹೆಜ್ಜೆಗಳೂ ಸಮೀಪಕ್ಕೆ ಸುಳಿಯಲಾರದಷ್ಟು ದೂರದಲ್ಲಿ, ಕಾಡಂಚಿನ ಉಪಕೇಂದ್ರವೊಂದರ ಆಶಾ ಕಾರ್ಯಕರ್ತೆಯೊಬ್ಬರ ಸಂಖ್ಯೆ ನಿಂತಿತ್ತು. ಅವರು ಸ್ಪರ್ಧೆಗೆಂದು ಒಂದು ಹೆಜ್ಜೆಯನ್ನೂ ಹೆಚ್ಚಾಗಿ ಇಟ್ಟವರಲ್ಲ. ಬಸುರಿಯರ ಮನೆ, ಬಾಣಂತಿಯರ ಮನೆ, ಕ್ಷಯದ ಮಾತ್ರೆ ನುಂಗಲೊಲ್ಲದ ಮುದುಕರ ಮನೆ ಎಂದು ಒಂಟಿಮನೆಗಳನ್ನು ಹುಡುಕಿಕೊಂಡು ತೋಟದ ಸಂಕಗಳನ್ನು ದಾಟುವವರು. ಗುರುವಾರ ಬಂದಿತೆಂದರೆ ಲಸಿಕೆಗಾಗಿ ತಾಯಂದಿರನ್ನು ಕರೆತರಲು ಅದೇ ಹಾದಿಯಲ್ಲಿ ಮತ್ತೊಮ್ಮೆ ನಡೆಯುವವರು. ಬಹುಮಾನ ಅವರದೇ ಎಂದು ಎಲ್ಲರೂ ಚಪ್ಪಾಳೆಗೆ ಕೈಯೆತ್ತಿದ್ದಾಗ ಸಂಪಾದಕರಿಗೆ ನಿಯಮವೊಂದು ಸ್ಮರಣೆಗೆ ಬಂದಿತು. ಸ್ಪರ್ಧೆಯು ಸಿಬ್ಬಂದಿಗಾಗಿ ಏರ್ಪಟ್ಟುದು. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಜನ್ಮತಾಳಿದ ಆಶಾ ಎಂಬ ವ್ಯವಸ್ಥೆಯಲ್ಲಿ, ಸಾವಿರ ಜನಕ್ಕೊಬ್ಬರಂತೆ ನೇಮಕಗೊಂಡ ಈ ಹೆಂಗಸರು ಗೌರವಧನ, ಪ್ರೋತ್ಸಾಹಧನಗಳನ್ನು ಪಡೆಯುವ ಸ್ವಯಂಸೇವಕಿಯರೇ ಹೊರತು ಸಿಬ್ಬಂದಿಯಲ್ಲ. ಅವರ ಹೆಸರು ಸಿಬ್ಬಂದಿ ವಾರ್ತೆಯಲ್ಲಿ ಬರುವಂತಿಲ್ಲ. ಕಡೆಗೆ ಬಹುಮಾನದ ಉಕ್ಕಿನ ನೀರಿನ ಬಾಟಲಿಯು ದ್ವಿತೀಯ ಸ್ಥಾನದಲ್ಲಿದ್ದವರಿಗೆ ಸಂದಿತು. ದ್ವಿತೀಯ ಸ್ಥಾನದಲ್ಲಿದ್ದವರು ಸಂಪಾದಕರೇ. ಅವರು ಸಂಕೋಚದಿಂದ ಬಾಟಲಿಯನ್ನು ಆ ತಾಯಿಯ ಕೈಗೇ ಕೊಡಲು ಹೋದರಂತೆ. "ಬೇಡ ಸಾರ್, ಹೊತ್ಕೊಂಡು ತಿರುಗೋಕೆ ಭಾರ" ಎಂದರಂತೆ ಆಕೆ.

ಒಂದು ಮೇ 31ರಂದು ನಮ್ಮ ಕೇಂದ್ರದ ಹಿರಿಯ ಆರೋಗ್ಯ ಸಹಾಯಕರೊಬ್ಬರಿಗೆ ನಡೆದ ಬೀಳ್ಕೊಡುಗೆಯ ಸಭೆಗೆ ಸಮಿತಿಯ ಪರವಾಗಿ ನಾನೂ ಹೋಗಿದ್ದೆನು. ಅವರನ್ನು ಊರಿನವರು ಬಲ್ಲುದು ಪರರ ಮನೆಯ ನೀರನ್ನು ಇಣಿಕಿ ನೋಡುವವರೆಂದು. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಕೊಚ್ಚೆಯನ್ನು ತಿರಸ್ಕರಿಸಿ ತಿಳಿನೀರನ್ನೇ ಬಯಸುವ ಮಡಿವಂತ ಪ್ರಾಣಿಯಾದುದರಿಂದಲೂ, ಮೊಟ್ಟೆಯೊಡೆದು ರೆಕ್ಕೆ ಬಲಿಯಲು ಅದಕ್ಕೆ ಹೆಚ್ಚುಕಡಿಮೆ ಒಂದು ವಾರ ಸಾಕಾಗುವುದರಿಂದಲೂ, ಇವರು ವಾರಕ್ಕೊಮ್ಮೆ ಬಂದು ಹಂಡೆ, ಡ್ರಮ್ಮು, ಕಲ್ಲುತೊಟ್ಟಿಗಳೊಳಗೆ ಬೆಳಕು ಬಿಟ್ಟು ನೋಡಿ, ಚೆಲ್ಲಿ ಒಣಗಿಸಿರೆಂದು ಹೇಳುತ್ತಿದ್ದರು. "ನಲ್ಲೀಲಿ ನೀರು ಬರೋದೇ ವಾರಕ್ಕೊಂದ್ಸಲ, ಚೆಲ್ಲಿ ಅಂತೀರಲ್ಲ, ನಿಮ್ಮನೇಲಿ ಚೆಲ್ತೀರಾ?" ಎಂದು ಹೆಂಗಸರು ಗದರಿಕೊಂಡರೆ, ಕಿರುನಗೆಯಿಂದ ಆ ಮಾತನ್ನು ಸ್ವೀಕರಿಸಿ, ತೊಟ್ಟಿಗೆ ಗಪ್ಪಿ ಮೀನುಗಳನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಿದ್ದರು. ಸೇವೆಯ ಮೊದಲ ದಿನಗಳನ್ನು ಕಳೆದುದು ಮಲೆನಾಡಿನಲ್ಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯ ಸೀಮೆಯಲ್ಲಿ, ಎಲ್ಲಿ ಮಂಗ ಸತ್ತು ಬಿದ್ದಿತೆಂದು ವಿಚಾರಿಸಿಕೊಂಡು, ಉಣುಗುಗಳಿಗೆ ಹೆದರಿ ಮೈಗೆ ಎಣ್ಣೆ ಬಳಿದುಕೊಂಡು ತಿರುಗುವ ಕೆಲಸ. ಅಲ್ಲಿಂದ ಬಂದ ಮೇಲೆ ಬಾವಿಗೆ ಬ್ಲೀಚಿಂಗ್ ಪುಡಿ. 1995ರಲ್ಲಿ ಪಲ್ಸ್ ಪೋಲಿಯೊ ಪ್ರಾರಂಭವಾದ ಮೇಲೆ ಬಸ್ಸುನಿಲ್ದಾಣದ ಮೇಜು, ಮಕ್ಕಳ ಎಡಗೈ ಕಿರುಬೆರಳಿಗೆ ಮಸಿ, ಮನೆಮನೆಯ ಗೋಡೆಗೆ ಸುಣ್ಣದ ಕಡ್ಡಿಯ ಗುರುತು.

ಬೀಳ್ಕೊಡುಗೆಯ ಸಭೆಯ ಅಧ್ಯಕ್ಷರು ತರುಣ ವೈದ್ಯರು, ನಮ್ಮ ತಾಲ್ಲೂಕಿಗೆ ಹೊಸಬರು. ಕಡತವನ್ನು ತಿರುವಿ ನೋಡಿ ಸಿದ್ಧವಾಗಿ ಬಂದಿದ್ದ ಅವರು, ಹೊಗಳಬೇಕೆಂಬ ಸದುದ್ದೇಶದಿಂದಲೇ, "ಇವರು ಇಲ್ಲಿದ್ದಷ್ಟು ಕಾಲವೂ ಈ ಹೋಬಳಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಸಂಭವಿಸಲಿಲ್ಲ" ಎಂದುಬಿಟ್ಟರು. ಸಭೆಯಲ್ಲಿ ನಗೆ ಎದ್ದಿತು. ವೈದ್ಯರ ಮುಖ ಕೆಂಪಾಯಿತು. ನಿವೃತ್ತರಾಗುತ್ತಿದ್ದವರು ಮಾತ್ರ ನಗಲಿಲ್ಲ. ಮೈಸೂರು ಪೇಟವನ್ನು ಎರಡು ಕೈಗಳಿಂದಲೂ ಸರಿಪಡಿಸಿಕೊಂಡು, ತನ್ನ ಸೇವಾವಧಿಯಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಬಂದಿರಲಿಲ್ಲವೆಂಬಂತೆ ತಲೆಬಾಗಿ ಕೈಮುಗಿದರು.

ನನಗೆ ಆ ಕ್ಷಣದಲ್ಲಿ ಬಾಲ್ಯದ ಗೋಡೆಬರಹವೊಂದು ನೆನಪಾಯಿತು. 1975ರ ಮೇ ತಿಂಗಳಲ್ಲಿ ಈ ದೇಶದ ಕಟ್ಟಕಡೆಯ ಸಿಡುಬಿನ ರೋಗಿ ಅಸ್ಸಾಮಿನಲ್ಲಿ ಪತ್ತೆಯಾದ ಮೇಲೆ, ಇನ್ನೆಲ್ಲಿಯಾದರೂ ಆ ರೋಗ ಅಡಗಿದೆಯೋ ಎಂದು ತಿಳಿಯಲು, ಸುದ್ದಿ ತಂದವರಿಗೆ 1,000 ರೂಪಾಯಿ ಬಹುಮಾನವೆಂದು ಸರ್ಕಾರವು ಸಾರಿಸಿತ್ತು. ಉಪಾಧ್ಯಾಯರ ಸಂಬಳವನ್ನೂ ಮೀರಿದ ಆ ಮೊತ್ತದ ಆಸೆಗೆ ನಾವು ಹುಡುಗರು, ಸೀತಾಳೆ ಸಿಡುಬು ಎದ್ದು ಶಾಲೆ ತಪ್ಪಿಸಿಕೊಂಡಿದ್ದ ಸಹಪಾಠಿಯೊಬ್ಬನನ್ನು ಅವನ ಅಜ್ಜಿ ಬೇಡಬೇಡವೆಂದರೂ ಕಂಬಳಿಯಲ್ಲಿ ಸುತ್ತಿ ಆಸ್ಪತ್ರೆಗೆ ಮೆರವಣಿಗೆ ಒಯ್ದಿದ್ದೆವು. ದಾಕು ಹಾಕುವವರು ಅವನನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಇದಲ್ಲ, ಅದು ಬೇಕು" ಎಂದು ವಾಪಸು ಕಳುಹಿಸಿದರು. ಅದು ಯಾರಿಗೂ ಸಿಕ್ಕಲಿಲ್ಲ. ಪೋಲಿಯೊ ಕೂಡ ಹಾಗೆಯೇ. 2011ರ ಜನವರಿ 13ರಂದು ಹೌರಾದ ಮಗುವೊಂದರಲ್ಲಿ ಕಂಡುದೇ ಕೊನೆ, 2014ರ ಮಾರ್ಚಿನಲ್ಲಿ ದೇಶಕ್ಕೆ ಅದರಿಂದ ಮುಕ್ತವಾಯಿತೆಂಬ ಪ್ರಮಾಣಪತ್ರ. ಬಾರದ ರೋಗದ ಸುದ್ದಿಯನ್ನು ಯಾವ ಪತ್ರಿಕೆ ಅಚ್ಚುಹಾಕೀತು? ಕೆಲಸ ಚೆನ್ನಾಗಿ ನಡೆದ ಕಛೇರಿಗೆ ವರ್ಗಾವಣೆ, ವಯೋನಿವೃತ್ತಿ, ವೃಕ್ಷಾಸನಗಳಲ್ಲದೆ ಬರೆಯಲು ಬೇರೇನು ಉಳಿದೀತು?

ಈ ಆಲೋಚನೆಯ ಆವೇಶದಲ್ಲಿ, ಸಮಿತಿಯ ಮುಂದಿನ ಸಭೆಯಲ್ಲಿ ನಾನೊಂದು ಸೂಚನೆಯನ್ನು ಮಂಡಿಸಿದೆನು: ವಾರ್ತಾಪತ್ರದಲ್ಲಿ ಸಿಬ್ಬಂದಿ, ಸ್ವಾಸ್ಥ್ಯ ಇವೆರಡರ ಕೆಳಗೆ, "ಈ ತಿಂಗಳು ಸಂಭವಿಸದಿದ್ದುವು" ಎಂಬ ಮೂರನೆಯ ಅಂಕಣವೊಂದನ್ನು ತೆರೆಯತಕ್ಕದ್ದು. ಅನುಮೋದನೆಯಾಗಿ ಅದು ತಾಲ್ಲೂಕಿಗೆ ಹೋಯಿತು. ಸಂಪಾದಕರು ಉತ್ಸಾಹದಿಂದ, ಕಾಲರಾವನ್ನು ಮೊದಲು ಬರೆಯಬೇಕೋ ಪ್ಲೇಗನ್ನು ಮೊದಲು ಬರೆಯಬೇಕೋ, ಅಕಾರಾದಿಯೋ ಹಿರಿತನವೋ ಎಂದು ಕೇಳಿ ನನಗೆ ಪತ್ರ ಬರೆದರು. ಅಷ್ಟರಲ್ಲಿ ಮೇಲಿನಿಂದ ಹಿಂಬರಹ ಬಂದಿತು: ಸಂಭವಿಸದಿರುವುದಕ್ಕೆ ಪೂರಕ ದಾಖಲೆಗಳನ್ನು ಲಗತ್ತಿಸಿ ಪ್ರಸ್ತಾವನೆಯನ್ನು ಮರುಸಲ್ಲಿಸತಕ್ಕದ್ದು.

ಇದರಿಂದ ಪ್ರಸ್ತಾವನೆ ಸತ್ತಿತೆಂದೇ ನಾನು ತಿಳಿದಿದ್ದೆನು. ಆದರೆ ನಮ್ಮ ನರ್ಸಮ್ಮನವರು ನಕ್ಕು, ಹಿಂದಿನ ಕೋಣೆಯ ಬೀರುವಿನ ಕಡೆಗೆ ಕೈತೋರಿಸಿದರು. 2004ರಲ್ಲಿ ಸಮಗ್ರ ರೋಗ ಕಣ್ಗಾವಲು ಯೋಜನೆ ಹುಟ್ಟಿದ ಮೇಲೆ, ರೋಗವಿದ್ದರೂ ಇಲ್ಲದಿದ್ದರೂ ವಾರವಾರವೂ ವರದಿ ಹೋಗಲೇಬೇಕೆಂಬ ಕಟ್ಟಳೆಯಿದ್ದು, ಏನೂ ಇಲ್ಲದ ವಾರದಲ್ಲಿ ನಿಲ್ ರಿಪೋರ್ಟ್ ಬರೆದು, ಒಂದು ಪ್ರತಿಯನ್ನು ಕೇಂದ್ರದಲ್ಲಿಯೇ ಇಟ್ಟುಕೊಂಡು ಬಂದಿದ್ದಾರೆ. ಇತ್ತೀಚೆಗೆ ಅದೆಲ್ಲವೂ ಗಣಕಯಂತ್ರಕ್ಕೆ ಹೋಗಿದೆಯಾದರೂ ಹಳೆಯ ಕಾಗದಗಳನ್ನು ಯಾರೂ ಎಸೆದಿಲ್ಲ. ಬೀರುವನ್ನು ತೆರೆದಾಗ, ಕೆಂಪು ದಾರದಲ್ಲಿ ಕಟ್ಟಿದ ಕಟ್ಟುಗಳು ಮಾಡಿನವರೆಗೆ ಪೇರಿಸಿದ್ದುವು. ಪ್ರತಿ ಹಾಳೆಯಲ್ಲಿಯೂ ಕಾಲರಾದ ಮುಂದೆ ಸೊನ್ನೆ, ದಡಾರದ ಮುಂದೆ ಸೊನ್ನೆ, ಕೆಳಗೆ ಪೇಟ ಧರಿಸಿ ಮನೆಗೆ ಹೋದ ಆ ಹಿರಿಯರ ಗುಂಡಾದ ಸಹಿ. ಡಿ ದರ್ಜೆಯ ನೌಕರನು ಎಲ್ಲವನ್ನೂ ಕೆಳಗಿಳಿಸಿ, ಧೂಳು ಕೊಡವಿ, ಎರಡೆರಡು ಪ್ರತಿ ಜೆರಾಕ್ಸ್ ಮಾಡಿಸುವುದಾದರೆ ದುಡ್ಡನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಕೇಳಿದನು. ವೈದ್ಯಾಧಿಕಾರಿಗಳು ಅನ್‌ಟೈಡ್ ಫಂಡಿಗೆ ಎಂದರು. ಛಾವಣಿ ಮೊದಲೋ, ನಲ್ಲಿ ಮೊದಲೋ, ಸಂಭವಿಸದಿರುವುದರ ಜೆರಾಕ್ಸು ಮೊದಲೋ ಎಂಬುದನ್ನು ತೀರ್ಮಾನಿಸಲು ಬರುವ ಶನಿವಾರ ಸಮಿತಿಯ ಸಭೆಯನ್ನು ಕರೆಯಲಾಗಿದೆ.