ಓರೆಬೆನ್ನಿನ ಸಬ್‌ವೂಫರ್ ಪೆಟ್ಟಿಗೆ: ಒಂದು ತಾತ್ತ್ವಿಕ ಅನುಸಂಧಾನ

ಕಾರಿನ ಡಿಕ್ಕಿಯಲ್ಲಿ ಹಿಂದಿನ ಸೀಟಿಗೆ ಒರಗಿ ಕೂರುವ, ಮೇಲೆ ಕಿರಿದು ಕೆಳಗೆ ಹಿರಿದಾದ ಪೆಟ್ಟಿಗೆಯ ಕುರಿತು ನಮ್ಮ ಚಿಂತನಾ ಪರಂಪರೆ ತಳೆದಿರುವ ದಿವ್ಯ ಮೌನವನ್ನು ಮುರಿಯುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಪೆಟ್ಟಿಗೆ ಮೀಮಾಂಸಕರಲ್ಲಿ ನಾಲ್ಕು ಪ್ರಸ್ಥಾನಗಳು: ಸುವರ್ಣಾನುಪಾತವಾದಿಗಳು, ಕೋನಾದ್ವೈತಿಗಳು, ತಂತ್ರಾಂಶಶರಣರು, ನಾಲ್ಕನೆಯವರನ್ನು ಅಗತ್ಯ ಬಿದ್ದರೆ ನೋಡೋಣ. ಇವರೆಲ್ಲ ಸೇರಿ ಮಂತ್ರದಂತೆ ಬಚ್ಚಿಟ್ಟಿರುವ ರಹಸ್ಯ ಇಷ್ಟೇ: ಮೇಲಿನ ಆಳಕ್ಕೆ ಕೆಳಗಿನ ಆಳ ಕೂಡಿಸಿ, ಅರ್ಧ ಮಾಡಿ, ಎತ್ತರದಿಂದಲೂ ಅಗಲದಿಂದಲೂ ಗುಣಿಸುವುದು. ಶಾಲೆಯ ತ್ರಾಪಿಜ್ಯದ ಲೆಕ್ಕ. ಒಳಗಿನ ಅಳತೆ ಮೇಲೆ 8 ಇಂಚು, ಕೆಳಗೆ 12, ಎತ್ತರ 13, ಅಗಲ 16 ಎಂದರೆ 2080 ಘನ ಇಂಚು. 1728ರಿಂದ ಭಾಗಿಸಿದರೆ 1.2 ಘನ ಅಡಿ. ಇದರಲ್ಲಿ ಸ್ಪೀಕರಿನ ಬೆನ್ನು, ಒಳಗಿನ ಆಸರೆ ಪಟ್ಟಿ ತಿನ್ನುವ ಜಾಗ ಕಳೆದರೆ ಮುಗಿಯಿತು.

ಮುಗಿಯಲು ಬಿಡುವವರಾರು? 'ಅಗಲ, ಎತ್ತರ, ಆಳಗಳು 1.618ರ ಅನುಪಾತದಲ್ಲಿರದಿದ್ದರೆ ಒಳಗೆ ಸ್ಥಾಯೀತರಂಗಗಳೆದ್ದು ನಾದ ಕೆಡುವುದಿಲ್ಲವೇ?' ಎಂದು ಪೂರ್ವಪಕ್ಷ. 'ಓರೆ ಗೋಡೆಯೇ ಅದಕ್ಕೆ ಮದ್ದು' ಎಂದು ಕೋನಾದ್ವೈತಿಯ ಉತ್ತರ. ಇಬ್ಬರೂ ಬಾರದ ಕಳ್ಳನಿಗೆ ಕಾವಲು ಕೂತವರು. 50 ಹರ್ಟ್ಸಿನ ಅಲೆಯ ಉದ್ದ ಸುಮಾರು 7 ಮೀಟರ್. 13 ಇಂಚಿನ ಎತ್ತರದಲ್ಲಿ ಮೊದಲ ಸ್ಥಾಯೀತರಂಗ ಹುಟ್ಟುವುದು 500 ಹರ್ಟ್ಸ್ ದಾಟಿದ ಮೇಲೆ. ಸಬ್‌ವೂಫರನ್ನಾದರೋ 80-100ರ ಹೊತ್ತಿಗೇ ಕತ್ತರಿಸಿರುತ್ತಾರೆ. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಮಂಡಿಸಿ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಬೆಳೆಸಿದ ಲೆಕ್ಕದಲ್ಲಿ ಪೆಟ್ಟಿಗೆಯ ಗಾತ್ರಕ್ಕೆ ಜಾಗವಿದೆ, ಆಕಾರಕ್ಕಿಲ್ಲ. ಬೆನ್ನು ಓರೆಯಾಗಿರುವುದು ಸೀಟು ಓರೆಯಾಗಿರುವುದಕ್ಕೆ. ತತ್ತ್ವ ಅಷ್ಟೇ.

'ಹಾಗಾದರೆ ಕರಾರುವಾಕ್ಕು ಬೇಡವೇ?' ಬೇಕು, ಬೇಕಾದ ಕಡೆ. ಮೇಲಿನ ಅಳತೆಗಳನ್ನೇ ಯಾರಾದರೂ ಹೊರ ಅಳತೆಯೆಂದು ತಿಳಿದು 18 ಮಿಲಿಮೀಟರಿನ ಎಂಡಿಎಫ್ ಹಲಗೆ ಕೊಯ್ದರೆ ಒಳಗೆ ಉಳಿಯುವುದು 0.83 ಘನ ಅಡಿಯ ಆಸುಪಾಸು. ಮೂರನೇ ಒಂದು ಪಾಲಿನಷ್ಟು ಗಾಳಿ ಹಲಗೆಯ ದಪ್ಪಕ್ಕೇ ಹೋಯಿತು. ಮುಚ್ಚಿದ ಪೆಟ್ಟಿಗೆ ಕಿರಿದಾದಷ್ಟೂ ಅದರ ಅನುರಣನದ ಆವರ್ತನ ಮೇಲೇರುತ್ತದೆ, ಆಳದ ಸದ್ದು ಸೊರಗಿ ಬರೀ ಗುಂಯ್‌ಗುಡುವಿಕೆ ಮಿಕ್ಕುತ್ತದೆ. ತಂತ್ರಾಂಶಶರಣರ ಪರದೆ ದಶಮಾಂಶದ ನಾಲ್ಕನೇ ಸ್ಥಾನದವರೆಗೆ ಉತ್ತರ ಕೊಡುತ್ತದೆ ನಿಜ. ಆದರೆ ಹಾಕಿದ ಅಳತೆ ಒಳಗಿನದೋ ಹೊರಗಿನದೋ ಎಂಬುದನ್ನು ಹಾಕಿದವನೇ ತಿಳಿದಿರಬೇಕು; ತಪ್ಪಿದ್ದರೂ ನಾಲ್ಕು ದಶಮಾಂಶ ಬಂದೇ ಬರುತ್ತವೆ.

ನಾಲ್ಕನೆಯ ಪ್ರಸ್ಥಾನವನ್ನು ಮರೆತಿರಲಿಲ್ಲ. ಹಲಗೆ ಕೊಯ್ಯುವ ಹುಡುಗರು, ಓರೆ ಗೀರನ್ನು ಕಣ್ಣಳತೆಯಲ್ಲೇ ಕೂಡಿಸಿ ಸಂದಿಗೆ ಅಂಟು ತುಂಬುವವರು. ಇವರಿಗೆ ಮೀಮಾಂಸೆಯಿಲ್ಲ, ಮೂಗಿಗೆ ಬಟ್ಟೆಯೂ ಇಲ್ಲ. ಎಂಡಿಎಫ್ ಹಲಗೆಯ ಅಂಟಿನಲ್ಲಿ ಸಾಮಾನ್ಯವಾಗಿ ಇರುವ ಫಾರ್ಮಾಲ್ಡಿಹೈಡ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸಾರಿದೆ. ಸುವರ್ಣಾನುಪಾತಕ್ಕೆ ಪುಟಗಟ್ಟಲೆ ಮೀಸಲಿಟ್ಟ ಪಂಡಿತರೇ, ಮಾಸ್ಕ್ ಹಾಕಿಕೊಳ್ಳಿ ಎಂಬ ಒಂದು ಸಾಲು ನಿಮ್ಮ ಯಾವ ಪುಟದಲ್ಲಿದೆ?