ಎರಡು ಪುಟ ಮೀರದಂತೆ

ಓದಿದ ಪಾಠವನ್ನು ಎರಡು ಪುಟ ಮೀರದಂತೆ ಸಂಗ್ರಹಿಸಿ ಬರೆಯಿರಿ ಎಂದು ಅಸೈನ್‌ಮೆಂಟ್ ಕೊಟ್ಟರೆ ಅರಸೀಕೆರೆಯ ನಮ್ಮ ಹುಡುಗರು ಕೇಳುವ ಮೊದಲ ಪ್ರಶ್ನೆ: "ಸಾರ್, ಕಡಿಮೆ ಅಂದ್ರೆ ಎಷ್ಟು ಪುಟ ಇರ್ಬೇಕು?" ಪಾಪ, ಅಡಿಷನಲ್ ಶೀಟಿಗೂ ಅಂಕಕ್ಕೂ ನಂಟಿದೆ ಎಂದು ನಂಬಿ ಬೆಳೆದವರು. ಎಸ್ಸೆಸ್ಸೆಲ್ಸಿಯಲ್ಲಿ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ ಹಾಕಿ, ಮೂರನೆಯದರ ಕೆಳಗೆ "ಸ್ವಾರಸ್ಯಪೂರ್ಣವಾಗಿ ವ್ಯಕ್ತವಾಗಿದೆ" ಎಂದು ಬರೆದು ಪಾರಾದವರು.

ಬರೆದದ್ದು ಎಲ್ಲಿ ಎಂಬುದೂ ಗೊತ್ತಾಗಿಬಿಡುತ್ತದೆ. ಕಡೂರು ಕಡೆಯಿಂದ ರೈಲಿನಲ್ಲಿ ಬರುವವರ ಹಾಳೆಯಲ್ಲಿ ಬಾಣಾವರ ಸ್ಟೇಷನ್ನಿನ ಸಾಲು ನೆಟ್ಟಗಿರುತ್ತದೆ, ಗಾಡಿ ಹೊರಟ ಮೇಲಿನದು ನಡುಗುತ್ತದೆ. ಮೂಲ ಯಾವುದೆಂದು ಕೇಳುವುದೇ ಬೇಡ. ಗೈಡಿನಲ್ಲಿ ಅಚ್ಚಿನ ತಪ್ಪಿನಿಂದ ವಿಶ್ವಾಮಿತ್ರ ‘ವಿಶ್ವಮಿತ್ರ’ ಆಗಿದ್ದರೆ ಇಡೀ ತರಗತಿಗೆ ಆತ ವಿಶ್ವಮಿತ್ರನೇ. ಹರಿಶ್ಚಂದ್ರನ ಪಾಲಿಗಂತೂ ಆ ಮುನಿ ಯಾರ ಮಿತ್ರನೂ ಆಗಿರಲಿಲ್ಲ.

ತೆಂಗಿನ ಸೀಮೆಯವರಿಗೆ ಸಾರಾಂಶ ಕಷ್ಟವಾಗಬಾರದಿತ್ತು. ಉಂಡೆ ಕೊಬ್ಬರಿಗೆಂದು ಕಾಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಡಿಮೆ ಒಂದು ವರ್ಷ ಮುಟ್ಟುವಂತಿಲ್ಲ. ನೀರು ಇಂಗಿ, ತಿರುಳು ಕರಟ ಬಿಟ್ಟು, ಅಲ್ಲಾಡಿಸಿದಾಗ ಒಳಗೆ ಲೊಡಲೊಡ ಅನ್ನಬೇಕು. ಆಮೇಲೆಯೇ ಸುಲಿಯುವುದು. ರಾತ್ರಿ ಹನ್ನೊಂದಕ್ಕೆ ಓದಿ ಹನ್ನೊಂದೂವರೆಗೆ ಬರೆದದ್ದರಲ್ಲಿ ಬರೀ ನೀರಿನ ಸದ್ದು.

ಸಂಗ್ರಹ ಮಾಡುವುದು ಹೇಗೆಂದು ನೋಡಬೇಕಾದರೆ ಹಳೇಬೀಡಿಗೆ ಹೋಗಬೇಕು. ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಆನೆ, ಸಿಂಹ, ಬಳ್ಳಿ, ಕುದುರೆ ಸವಾರರ ಸಾಲುಗಳ ಮೇಲೆ ರಾಮಾಯಣ, ಮಹಾಭಾರತ ಓಡುತ್ತವೆ. ಶಿಲ್ಪಿಗೆ ಸಿಕ್ಕಿದ್ದು ಗೇಣಗಲದ ಪಟ್ಟಿ. ಅಡಿಷನಲ್ ಶೀಟು ಕೇಳುವ ಹಾಗಿಲ್ಲ. ಅಷ್ಟರಲ್ಲೇ ಚಕ್ರವ್ಯೂಹವನ್ನು ಸುತ್ತಿ, ಒಳಗೆ ಅಭಿಮನ್ಯುವನ್ನು ನಿಲ್ಲಿಸಿಬಿಟ್ಟಿದ್ದಾನೆ. ಹೊರಗೆ ಬರುವ ದಾರಿ ಗೊತ್ತಿಲ್ಲ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೈಲಾಸವನ್ನೆತ್ತುವ ರಾವಣನನ್ನು ನೋಡಿ: ಮೇಲೆ ಬೆಟ್ಟ, ಬೆಟ್ಟದಲ್ಲಿ ಶಿವಪಾರ್ವತಿಯರು, ಅಡಿಯಲ್ಲಿ ಹೆಗಲು ಕೊಟ್ಟ ರಾವಣ. ಅವನ ವಂಶಾವಳಿಯಿಂದ ಶುರುಮಾಡಿಲ್ಲ. ನಮ್ಮವರಾದರೆ ಕವಿ ಪರಿಚಯ, ಕಾಲ, ಬಿರುದುಗಳಲ್ಲೇ ಒಂದೂವರೆ ಪುಟ ಕಳೆದು, ಕಾವ್ಯಕ್ಕೆ ಬರುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಬೇಲೂರಿನ ಶಿಲ್ಪಿಗಳು ತಾವು ಕೆತ್ತಿದ ಮೂರ್ತಿಯ ಕೆಳಗೆ ಹೆಸರನ್ನೂ ಹಾಕಿದ್ದಾರೆ. ದಾಸೋಜ, ಅವನ ಮಗ ಚಾವಣ, ಇಬ್ಬರೂ ಬಳ್ಳಿಗಾವೆಯವರು. ಗೈಡು ನೋಡಿ ಕೆತ್ತಿದವರಿಗೆ ಆ ಧೈರ್ಯ ಬರುವುದಿಲ್ಲ.

ಮೌಲ್ಯಮಾಪನದಲ್ಲೂ ಹಳೇಬೀಡಿಗೆ ಹಳೆಯ ಹೆಸರಿದೆ. ಕವಿ ಹರಿಹರ ಹಂಪೆಗೆ ಹೋಗುವ ಮುನ್ನ ದೋರಸಮುದ್ರದಲ್ಲಿ, ಅಂದರೆ ಇದೇ ಹಳೇಬೀಡಿನಲ್ಲಿ, ಕರಣಿಕನಾಗಿದ್ದನೆಂದು ಪ್ರತೀತಿ. ಲೆಕ್ಕ ನೋಡಿದ ಕಣ್ಣು. ಸೋದರಳಿಯ ರಾಘವಾಂಕ ‘ಹರಿಶ್ಚಂದ್ರ ಕಾವ್ಯ’ ಬರೆದು ತಂದಾಗ, ನರನನ್ನು ಹೊಗಳಿದೆಯೆಂದು ಸಿಟ್ಟಾಗಿ ಪಾದುಕೆಯಿಂದ ಹೊಡೆದು ಐದು ಹಲ್ಲು ಉದುರಿಸಿದನಂತೆ. ಆಮೇಲೆ ಶಿವಶರಣರ ಮೇಲೆ ಕಾವ್ಯ ಬರೆದಂತೆ ಹಲ್ಲು ಒಂದೊಂದಾಗಿ ಮರಳಿದವಂತೆ. ಸಪ್ಲಿಮೆಂಟರಿ ಪರೀಕ್ಷೆಯಲ್ಲಿ ಇಷ್ಟು ಒಳ್ಳೆಯ ಫಲಿತಾಂಶ ಬೇರೆಲ್ಲೂ ಕೇಳಿಲ್ಲ.

ನಮ್ಮ ಕೈಯಲ್ಲಿರುವುದು ಕೆಂಪು ಪೆನ್ನು ಮಾತ್ರ. ಅದೇ ‘ಹರಿಶ್ಚಂದ್ರ ಕಾವ್ಯ’ದ ಭಾಗಕ್ಕೆ ಒಬ್ಬ ಹುಡುಗಿ ಮುಕ್ಕಾಲು ಪುಟ ಬರೆದಿದ್ದಳು. ಕವಿ ಪರಿಚಯ ಇಲ್ಲ, ಬಿರುದು ಇಲ್ಲ. "ಸುಡುಗಾಡಿನಲ್ಲಿ ಸ್ವಂತ ಹೆಂಡತಿಯ ಹತ್ತಿರವೇ ಸುಂಕ ಕೇಳುವ ಗಳಿಗೆಗೆ ಕಥೆ ಮುಗಿದ ಹಾಗೆ, ಮಿಕ್ಕಿದ್ದೆಲ್ಲ ಅಲ್ಲಿಗೆ ಬರುವ ದಾರಿ" ಎಂದು ಬರೆದು ನಿಲ್ಲಿಸಿದ್ದಳು. ಹತ್ತಕ್ಕೆ ಎಂಟು ಕೊಟ್ಟೆ. "ನಾನು ಆರು ಪುಟ ಬರ್ದಿದೀನಿ ಸಾರ್, ನನಗೆ ಐದೇನಾ?" ಎಂದು ಹಿಂದಿನ ಬೆಂಚಿನವನು ನ್ಯಾಯ ಕೇಳಲು ಬಂದ. ಎರಡು ಪುಟ ಅಂದಿದ್ದೆನಲ್ಲ ಎಂದರೆ, "ಪ್ರೀತಿಯಿಂದ ಜಾಸ್ತಿ ಬರ್ದೆ ಸಾರ್" ಅಂದ.

ಮೇಷ್ಟ್ರುಗಳಲ್ಲಿ ಒಂದು ವಿನಂತಿ. ಸಾರಾಂಶ ತಿದ್ದುವಾಗ ಬರೆದದ್ದಕ್ಕೆ ಕೊಡುವ ಅಂಕದಲ್ಲಿ ಎರಡನ್ನಾದರೂ ತೆಗೆದು, ತಿಳಿದು ಬಿಟ್ಟದ್ದಕ್ಕೆ ಇಡಿ. ಅದಕ್ಕೆ ಮೂಲ ಪಾಠವನ್ನು ನಾವೂ ಇನ್ನೊಮ್ಮೆ ಓದಬೇಕಾಗುತ್ತದೆ, ಅಷ್ಟೇ ತೊಂದರೆ.