ದೂರವಾಣೀ-ದೂರತ್ವ ನಿರ್ಣಯ

ದೂರವಾಣಿ ಎಂಬ ಶಬ್ದಕ್ಕೆ ದೂರದಿಂದ ಬರುವ ವಾಣಿ ಎಂದು ಅರ್ಥ ಹೇಳುವುದು ಶಾಲಾಪಂಡಿತರ ಸಂಪ್ರದಾಯ. ಅದು ಸ್ಥೂಲದೃಷ್ಟಿಯ ಮಾತು. ದೂರದಲ್ಲಿ ಇಡತಕ್ಕ ವಾಣಿ ಎಂಬುದೇ ಅದರ ನಿಜಾರ್ಥವೆಂದೂ, ಮಧ್ಯಮಪದಲೋಪ ಸಮಾಸವಾಗುವ ಗಡಿಬಿಡಿಯಲ್ಲಿ ‘ಇಡತಕ್ಕ’ ಎಂಬ ಪದ ಬಿದ್ದುಹೋದದ್ದೇ ಇಂದಿನ ಲೋಕದ ಸಕಲ ಚಿತ್ತಚಾಂಚಲ್ಯಕ್ಕೆ ಮೂಲಕಾರಣವೆಂದೂ ಸ್ಥಾಪಿಸುವುದು ಪ್ರಕೃತ ಗ್ರಂಥದ ಉದ್ದೇಶವಾಗಿರುತ್ತದೆ. ಕಾಶಿಯ ಕಮಲಾಕರ ಭಟ್ಟರು 1612ರಲ್ಲಿ ನಿರ್ಣಯಸಿಂಧುವನ್ನು ರಚಿಸಿ ತಿಥಿ, ವ್ರತ, ಶ್ರಾದ್ಧಗಳ ಸಂಶಯವನ್ನೆಲ್ಲ ಪರಿಹರಿಸಿದರಾದರೂ ಬ್ಯಾಟರಿ ಶೇಕಡಾ ಎಷ್ಟಕ್ಕೆ ಇಳಿದಾಗ ಮನುಷ್ಯನು ಧೃತಿಗೆಡಬಹುದೆಂಬ ವಿಷಯದಲ್ಲಿ ಮೌನವಾಗಿದ್ದಾರೆ. ಆ ಕೊರತೆಯನ್ನು ತುಂಬುವ ಭಾರ ನನ್ನಂಥ ಅಲ್ಪಮತಿಯ ಮೇಲೆ ಬಿದ್ದಿತು.

ಶಾಸ್ತ್ರಗ್ರಂಥವೆಂದ ಮೇಲೆ ಅನುಬಂಧಚತುಷ್ಟಯವನ್ನು ಹೇಳದೆ ಮುಂದೆ ಹೆಜ್ಜೆಯಿಡಲಾಗದು. ಇಲ್ಲಿ ವಿಷಯವು ಅಂಗೈಯಗಲದ ಒಂದು ಗಾಜಿನ ಹಲಗೆ. ಪ್ರಯೋಜನವು ಶಾಂತಿ, ಮೋಕ್ಷದವರೆಗೆ ಹೋಗುವ ಶಾಂತಿಯಲ್ಲ, ಉಣ್ಣುವಾಗ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುವಷ್ಟರ ಶಾಂತಿ. ಅಧಿಕಾರಿ ಯಾರೆಂದರೆ, ಹೊತ್ತೆಷ್ಟಾಯಿತೆಂದು ನೋಡಲು ಯಂತ್ರವನ್ನು ಜೇಬಿನಿಂದ ತೆಗೆದು, ಸೋದರಮಾವನ ಮಗನ ಗೃಹಪ್ರವೇಶದ ನಲವತ್ತು ಚಿತ್ರಗಳನ್ನು ನೋಡಿ, ಯಾರೋ ಎಲ್ಲಿಯೋ ಬಾಣಲೆಯಲ್ಲಿ ಹಲ್ವ ಕೆದಕುವುದನ್ನು ಕೊನೆಯವರೆಗೂ ವೀಕ್ಷಿಸಿ, ಯಂತ್ರವನ್ನು ಮತ್ತೆ ಜೇಬಿಗಿಳಿಸಿ, ಪಕ್ಕದವನ ಕಡೆಗೆ ತಿರುಗಿ “ಟೈಮೆಷ್ಟು ಸ್ವಾಮಿ?” ಎಂದು ಕೇಳುವವನು. ಈ ಗ್ರಂಥಕರ್ತನಿಗೆ ಆ ಅಧಿಕಾರ ಪೂರ್ಣವಾಗಿ ಲಭಿಸಿದೆ. ಸಂಬಂಧವನ್ನು ವಿವರಿಸುವ ಅಗತ್ಯವಿಲ್ಲ. ಅದು ಬಿಡಿಸಲಾಗದ ಸಂಬಂಧವೆಂಬುದೇ ನಮ್ಮ ಗೋಳು. ಪ್ರಾಯಶ್ಚಿತ್ತಪ್ರಕರಣವನ್ನು ಕಟ್ಟಕಡೆಯಲ್ಲಿ ಹೇಳಲಾಗುವುದು.

ಪೂರ್ವಕಾಲದಲ್ಲಿ ದೂರವಾಣಿಯು ಯಥಾರ್ಥವಾಗಿ ದೂರದಲ್ಲಿಯೇ ಇತ್ತು. ನಮ್ಮ ಬೀದಿಗೆಲ್ಲ ಇದ್ದ ಒಂದೇ ಒಂದು ಫೋನು ಮೂರನೆಯ ಮನೆಯ ವಕೀಲರ ಹಜಾರದಲ್ಲಿ, ಮೇಲೆ ಕಸೂತಿಯ ವಸ್ತ್ರವನ್ನು ಹೊದ್ದು, ಡಯಲಿನ ಒಂದು ರಂಧ್ರಕ್ಕೆ ಪುಟ್ಟ ಬೀಗವನ್ನು ತೊಟ್ಟು, ಗರ್ಭಗುಡಿಯ ಉತ್ಸವಮೂರ್ತಿಯಂತೆ ಕುಳಿತಿರುತ್ತಿತ್ತು. ನಾವು ನಮ್ಮ ಲಗ್ನಪತ್ರಿಕೆಗಳಲ್ಲಿ ಅದರ ಸಂಖ್ಯೆಯನ್ನೇ ಅಚ್ಚು ಹಾಕಿಸಿ ಮುಂದೆ ‘ಪಿ.ಪಿ.’ ಎಂದು ವಿನಯದಿಂದ ನಮೂದಿಸುತ್ತಿದ್ದೆವು. ವಕೀಲರ ಮೊಮ್ಮಗ ಬೀದಿಯಲ್ಲಿ ನಿಂತು “ನಿಮಗೆ ಫೋನಂತೆ!” ಎಂದು ಕೂಗಿದೊಡನೆ ನನ್ನ ತಂದೆಯವರು ಅಂಗವಸ್ತ್ರವನ್ನು ಹೆಗಲಿಗೆಸೆದು, ಊರಿನಲ್ಲಿ ಯಾರಿಗೇನಾಯಿತೋ ಎಂದು ರಾಘವೇಂದ್ರಸ್ವಾಮಿಗಳಿಗೆ ಹರಕೆ ಹೊರುತ್ತ ಧಾವಿಸುವರು, ಅವರು ಹೋಗಿ ಮುಟ್ಟುವಷ್ಟರಲ್ಲಿ ಕರೆ ಕಡಿದುಹೋಗಿರುವುದು. ವ್ಯಾಯಾಮ, ದೇವತಾಸ್ಮರಣೆ, ನೆರೆಮನೆಯ ಕಾಫಿ ಮೂರೂ ಹೀಗೆ ಒಂದೇ ಕರೆಯಲ್ಲಿ ಸಿದ್ಧಿಸುತ್ತಿದ್ದುವು.

ಬಳಿಕ ದೂರತ್ವವು ಕ್ರಮೇಣ ಕ್ಷಯಿಸಿತು. 1973ರ ಏಪ್ರಿಲ್ 3ರಂದು ಮಾರ್ಟಿನ್ ಕೂಪರ್ ಎಂಬ ಶಿಲ್ಪಿ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿದ ಯಂತ್ರದಿಂದಲೇ ಮಾತಾಡಿ ತೋರಿಸಿದನಾದರೂ ಆ ಯಂತ್ರ ಒಂದು ಕಿಲೋಗ್ರಾಮಿಗೂ ಮಿಕ್ಕಿ ತೂಗುತ್ತಿದ್ದುದರಿಂದ ಅದರ ಭಾರವೇ ಒಂದು ನಿಯಮವಾಗಿ ನಿಂತಿತು. ಸೇರು ಬೆಲ್ಲವನ್ನು ಕಿವಿಗೊತ್ತಿಕೊಂಡು ಯಾರು ತಾನೆ ಗಂಟೆಗಟ್ಟಲೆ ಹರಟಿಯಾರು? 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದೆಹಲಿಯ ಸುಖ್ ರಾಮ್ ಅವರೊಡನೆ ಮಾತಾಡುವುದರೊಂದಿಗೆ ಈ ವಿದ್ಯೆ ನಮ್ಮ ದೇಶದಲ್ಲಿಯೂ ಅವತರಿಸಿತು. ಆಗಲೂ ಬಂದ ಕರೆಗೆ ಸಹ ಹಣ ತೆರಬೇಕಾಗಿದ್ದುದರಿಂದ ಜನರು ಫೋನು ಬಡಿದುಕೊಂಡಾಗ ಹಾವು ಕಂಡವರಂತೆ ಅದನ್ನು ದಿಟ್ಟಿಸಿ ಸುಮ್ಮನಿರುವ ಸಂಯಮವನ್ನು ಉಳಿಸಿಕೊಂಡಿದ್ದರು. ನಿಜವಾದ ಅನರ್ಥ ಬಂದದ್ದು ಇನ್ನೊಂದು ದಾರಿಯಿಂದ. ನಮ್ಮ ಪುರಾಣಗಳಲ್ಲಿ ಪ್ರತಿಯೊಂದು ಅಧ್ಯಾಯಕ್ಕೂ ಒಂದು ‘ಇತಿ’ ಇದೆ. ‘ಇತಿ’ ಬಂತೆಂದರೆ ಪುರಾಣಿಕರು ಪುಸ್ತಕ ಕಟ್ಟುವರು, ಹೆಂಗಸರು ಮಂಗಳಾರತಿ ಹಾಡುವರು, ನಿದ್ರಿಸುತ್ತಿದ್ದವರು ಎದ್ದು ಪ್ರಸಾದಕ್ಕೆ ಕೈ ಚಾಚುವರು. ಕೆಳಕ್ಕೆ ಸರಿಸಿದಷ್ಟೂ ಮುಗಿಯದೆ ಬರುತ್ತಲೇ ಇರುವ ಪುಟವನ್ನು ಅಜಾ ರಾಸ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರನು 2006ರಲ್ಲಿ ರೂಪಿಸಿದನು. ತಾನು ಮಾಡಿದ್ದನ್ನು ಕುರಿತು ಅವನೇ ಆಮೇಲೆ ಪಶ್ಚಾತ್ತಾಪ ಪಟ್ಟನು. ‘ಇತಿ’ ಇಲ್ಲದ ಗ್ರಂಥದ ಮುಂದೆ ಕುಳಿತ ಶ್ರೋತೃವಿಗೆ ಪ್ರಸಾದವೂ ಇಲ್ಲ, ಏಳುವ ಮುಹೂರ್ತವೂ ಇಲ್ಲ.

ಇನ್ನು ಪ್ರಧಾನ ಪ್ರಮಾಣಕ್ಕೆ ಬರೋಣ. ಅದು ನನ್ನ ಸೋದರತ್ತೆ.

ಮೈಸೂರಿನ ಅಗ್ರಹಾರದ ನಮ್ಮ ಮನೆಯಲ್ಲಿ, ಎಂಬತ್ತು ದಾಟಿದ ಅತ್ತೆ ಬೆಳಗ್ಗೆ ಸ್ನಾನ ಮಾಡಿ ಮಡಿಯುಟ್ಟರೆಂದರೆ ಅಡುಗೆಯಾಗಿ ನೈವೇದ್ಯವಾಗುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರು ಯಾವುದನ್ನೂ ಮುಟ್ಟುವಂತಿಲ್ಲ. ಅವರಿಗಾಗಿ ಕೊಂಡ ಮೊಬೈಲಿಗೆ ಮಗಳು ಅಕ್ಕರೆಯಿಂದ ಚರ್ಮದ ಚೀಲವೊಂದನ್ನು ತೊಡಿಸಿ ಕಳುಹಿಸಿದ್ದರಿಂದ ಅದು ಜನ್ಮತಃ ಮೈಲಿಗೆ. ಒಂದು ದಿನ ನಾನು ಬಚ್ಚಲಲ್ಲಿದ್ದ ಸಮಯದಲ್ಲಿ, ಅಡುಗೆಮನೆಯ ಹೊಸ್ತಿಲಾಚೆ ನೆಲದ ಮೇಲಿದ್ದ ಆ ಯಂತ್ರ ಅಮೆರಿಕದ ಮಗಳ ಮುಖವನ್ನು ತೋರಿಸುತ್ತ ಗುಂಯ್ಗುಡಲಾರಂಭಿಸಿತು. ಅತ್ತೆ ನಾಲ್ಕೈದು ಸಲ “ಲೋ, ಅದೇನೋ ಒದರ್ತಿದೆ ನೋಡೋ” ಎಂದು ಕೂಗಿ, ಉತ್ತರ ಬಾರದಿರಲು, ಗೂಟದ ಮೇಲಿದ್ದ ಮಡಿಕೋಲನ್ನು ತೆಗೆದುಕೊಂಡು, ಅದರ ತುದಿಯಿಂದ ಹಸಿರು ಗುಂಡನ್ನು ಒತ್ತಿದರು. ಏನೂ ಆಗಲಿಲ್ಲ. ಮೇಲಕ್ಕೆ ತಳ್ಳಿದರು, ಪಕ್ಕಕ್ಕೆ ಎಳೆದರು, ಕೊನೆಗೆ ಒನಕೆಯಂತೆ ಕುಟ್ಟಿದರು. ಮಗಳ ಮುಖ ಹಾಗೆಯೇ ನಗುತ್ತಿತ್ತು. ಯಂತ್ರಶಾಸ್ತ್ರಜ್ಞರು ಇದಕ್ಕೆ ಕಾರಣ ಹೇಳುತ್ತಾರೆ: ಆ ಗಾಜಿನ ಅಡಿಯಲ್ಲಿ ಹರಡಿರುವ ಸೂಕ್ಷ್ಮ ವಿದ್ಯುತ್ ಕ್ಷೇತ್ರವು ಬೆರಳಿನಂಥ ವಿದ್ಯುದ್ವಾಹಕ ವಸ್ತು ಸಮೀಪಿಸಿದಾಗ ಮಾತ್ರ ಕದಡುವುದೆಂದೂ, ಒಣಮರವು ವಾಹಕವಲ್ಲವಾದ ಕಾರಣ ಕೋಲಿನ ಸ್ಪರ್ಶ ಅದಕ್ಕೆ ಸ್ಪರ್ಶವೇ ಅಲ್ಲವೆಂದೂ. ಅಂದರೆ ಮಡಿಕೋಲು ಮುಟ್ಟಿದರೆ ಮುಟ್ಟಿದಂತಾಗುವುದಿಲ್ಲವೆಂಬ ನಮ್ಮ ಅಜ್ಜಿಯರ ಸಿದ್ಧಾಂತಕ್ಕೆ ಯಂತ್ರವೇ ಸಾಕ್ಷ್ಯ ನುಡಿಯಿತೆಂದಾಯಿತು.

ಕರೆ ತಾನಾಗಿ ನಿಂತಿತು. ಅತ್ತೆ ಕೋಲನ್ನು ಗೂಟಕ್ಕೆ ಹಾಕಿ, “ಬೇಕಿದ್ರೆ ಇನ್ನೊಂದ್ಸಲ ಮಾಡ್ತಾಳೆ” ಎಂದು ಹೇಳಿ, ಹುಳಿಗೆ ಇಂಗಿನ ಒಗ್ಗರಣೆ ಕೊಡಲು ಹೋದರು. ನಾನು ಒದ್ದೆಮೈಯಲ್ಲಿ ಓಡಿಬಂದು ನೋಡುವಾಗ ಆ ಮುಖದಲ್ಲಿ ಕಂಡ ಪ್ರಶಾಂತಿಯನ್ನು ನಾನು ಯಾವ ಯೋಗಶಿಬಿರದಲ್ಲಿಯೂ ಕಂಡವನಲ್ಲ. ಗಮನಿಸತಕ್ಕ ಅಂಶವೆಂದರೆ ಅತ್ತೆಗೆ ಇಂದ್ರಿಯನಿಗ್ರಹವಿತ್ತೆಂದಲ್ಲ. ಎರಡು ಗಜ ದೂರವೂ ಒಂದು ಕೆಲಸಕ್ಕೆ ಬಾರದ ಕೋಲೂ ಇತ್ತು, ಅಷ್ಟೆ. ಪತಂಜಲಿಯು ಪ್ರತ್ಯಾಹಾರವನ್ನು ಎಂಟು ಅಂಗಗಳಲ್ಲಿ ಐದನೆಯದಾಗಿ ಇಟ್ಟು, ಅದಕ್ಕೆ ಮೊದಲು ನಾಲ್ಕು ಮೆಟ್ಟಿಲು ಹತ್ತಿಸುತ್ತಾನೆ. ಅಗ್ರಹಾರದ ಅಡುಗೆಮನೆ ಅದನ್ನು ಒಂದು ಹೊಸ್ತಿಲಿನಲ್ಲಿ ಮುಗಿಸಿತು.

ಇಲ್ಲಿ ಪೂರ್ವಪಕ್ಷಿ ಎದ್ದು ನಿಲ್ಲುವನು. ಅಯ್ಯಾ, ಯಂತ್ರವನ್ನು ದೂರವಿಟ್ಟರೆ ಬ್ಯಾಂಕಿನ ಓಟಿಪಿ ಬರುವುದು ಹೇಗೆ? ಗ್ಯಾಸ್ ಸಿಲಿಂಡರಿನವನು ಬಾಗಿಲಲ್ಲಿ ನಿಂತು ನಂಬರು ಕೇಳಿದರೆ ಏನು ಹೇಳುವುದು? ಸೊಪ್ಪಿನವಳೂ ಈಗ ಚಿಲ್ಲರೆಯನ್ನು ಒಲ್ಲದೆ ಕಪ್ಪು-ಬಿಳುಪು ಚೌಕವನ್ನು ತೋರಿಸುತ್ತಾಳಲ್ಲ? ಸತ್ಯ, ಆದರೆ ಕರ್ಮಗಳು ನಿತ್ಯ, ನೈಮಿತ್ತಿಕ, ಕಾಮ್ಯ, ನಿಷಿದ್ಧವೆಂದು ನಾಲ್ಕು ವಿಧವೆಂಬುದನ್ನು ಅವನು ಮರೆತಿದ್ದಾನೆ. ತಾಯಿಯೊಡನೆ ದಿನಕ್ಕೊಮ್ಮೆ ಮಾತಾಡುವುದು ನಿತ್ಯ. ಓಟಿಪಿ ನೈಮಿತ್ತಿಕ, ಗ್ರಹಣಸ್ನಾನದಂತೆ: ನಿಮಿತ್ತ ಬಂದಾಗ ಮಾಡಿ ಮುಗಿಸತಕ್ಕದ್ದು, ಗ್ರಹಣ ಬಿಟ್ಟ ಮೇಲೂ ಕೊಳದಲ್ಲಿಯೇ ನಿಂತಿರತಕ್ಕದ್ದಲ್ಲ. ಹಲ್ವದ ದರ್ಶನ ಕಾಮ್ಯ. ಯಂತ್ರವನ್ನು ಶೌಚಗೃಹಕ್ಕೆ ಒಯ್ಯುವುದು ನಿಷಿದ್ಧ, ಅದನ್ನು ವಿಸ್ತರಿಸಲಾರೆ.

ಮತ್ತೆ ಅವನೇ ಕೇಳುವನು: ಲೋಕವಾರ್ತೆ ತಿಳಿಯಬೇಡವೆ? ಕುಟುಂಬದ ಗುಂಪಿನಲ್ಲಿ ಬರುವ ಹಿತವಚನಗಳು ಶಬ್ದಪ್ರಮಾಣವಲ್ಲವೆ? ಇದು ಗಂಭೀರವಾದ ಪ್ರಶ್ನೆ. ಮೀಮಾಂಸಕರು ವೇದಕ್ಕೆ ಪ್ರಾಮಾಣ್ಯವನ್ನು ಹೇಳುವುದು ಅದು ಅಪೌರುಷೇಯವೆಂಬ ಕಾರಣದಿಂದ: ಕರ್ತೃವಿಲ್ಲ, ಆದ್ದರಿಂದ ಕರ್ತೃದೋಷವಿಲ್ಲ. ಈರುಳ್ಳಿಯನ್ನು ಅಂಗಾಲಿಗೆ ಕಟ್ಟಿಕೊಂಡು ಮಲಗಿದರೆ ರಕ್ತ ಶುದ್ಧಿಯಾಗುತ್ತದೆಂಬ ಸಂದೇಶಕ್ಕೂ ಕರ್ತೃವಿಲ್ಲ, ಬರೆದವನನ್ನು ಕಂಡವರಿಲ್ಲ, ಚಿಕ್ಕಪ್ಪನು ಷಡ್ಡಕನಿಂದಲೂ ಷಡ್ಡಕನು ಸಹೋದ್ಯೋಗಿಯಿಂದಲೂ ಅವಿಚ್ಛಿನ್ನ ಪರಂಪರೆಯಲ್ಲಿ ಅದನ್ನು ಪಡೆದಿದ್ದಾರೆ, ಒಂದಕ್ಷರವೂ ವ್ಯತ್ಯಾಸವಾಗದಂತೆ ದಾಟಿಸಿದ್ದಾರೆ. ಲಕ್ಷಣವೆಲ್ಲ ಕೂಡಿಬಂದು ಮೀಮಾಂಸಕನು ಸಂಕಟಕ್ಕೆ ಸಿಲುಕಿದ ಈ ಹೊತ್ತಿನಲ್ಲಿ ವಾಟ್ಸಾಪಿನ ಆಡಳಿತದವರೇ ಅವನ ನೆರವಿಗೆ ಬಂದರು: 2018ರಲ್ಲಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸಕೂಡದೆಂದೂ, 2020ರಲ್ಲಿ ಬಹಳ ಕೈ ದಾಟಿದ್ದನ್ನು ಒಮ್ಮೆಗೆ ಒಂದೇ ಕಡೆಗೆ ದಾಟಿಸಬೇಕೆಂದೂ ವಿಧಿಸಿ, ಅಂಥದಕ್ಕೆ ಎರಡು ಬಾಣದ ಮುದ್ರೆಯನ್ನೊತ್ತಿದರು. ಚಿಕ್ಕಪ್ಪ ಆ ಮುದ್ರೆಯನ್ನು ಉತ್ತಮ ದರ್ಜೆಯ ಸಂಕೇತವೆಂದೇ ಇಂದಿಗೂ ನಂಬಿದ್ದಾರೆ.

ದಿನಚರಿಯ ವಿಷಯಕ್ಕೆ ವಾಗ್ಭಟಾಚಾರ್ಯರೇ ಗತಿ. ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವೇ ದಿನಚರ್ಯೆ. ಅದರ ಮೊದಲ ವಿಧಿಯೇ ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು. ನಾನು ಆ ವಿಧಿಯನ್ನು ವರ್ಷಗಳಿಂದ ಪಾಲಿಸುತ್ತಿದ್ದೇನೆ: ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಎದ್ದು, ಮುಂದಿನ 96 ನಿಮಿಷವನ್ನು ಹಾಸಿಗೆಯಲ್ಲಿಯೇ ಅಂಗಾತ ಮಲಗಿ ನೀಲಿಬೆಳಕಿನಲ್ಲಿ ಕಳೆಯುತ್ತೇನೆ. ಎದ್ದೊಡನೆ ಕರದರ್ಶನ ಮಾಡಬೇಕೆಂಬ ಹಿರಿಯರ ಕಟ್ಟಳೆಯನ್ನೂ ಮೀರಿದವನಲ್ಲ. ಅಂಗೈಯನ್ನೇ ನೋಡುತ್ತೇನೆ, ನಡುವೆ ಯಂತ್ರವೊಂದು ಅಡ್ಡಬಂದಿರುತ್ತದೆ. ಕೈಯ ತುದಿಯಲ್ಲಿ ಲಕ್ಷ್ಮಿಯೂ ನಡುವೆ ಸರಸ್ವತಿಯೂ ಇರುವರೆಂದು ಹೇಳಿಕೊಟ್ಟಿದ್ದರಲ್ಲವೆ? ಬೆರಳ ತುದಿಯಲ್ಲಿ ಹಣ ಹೊರಟುಹೋಗುವುದನ್ನು ಕಂಡ ಮೇಲೆ ಮೊದಲನೆಯದರಲ್ಲಿ ನನಗೆ ಸಂದೇಹವಿಲ್ಲ. ನಡುವೆ ಸರಸ್ವತಿ ಕೂರಬೇಕಾದ ಎಡೆಯಲ್ಲಿ ಮಾತ್ರ ಗುಲಾಬಿ ಹೂವು, ಹಬೆಯಾಡುವ ಕಾಫಿ ಲೋಟ, ‘ಶುಭೋದಯ’. ಇಂಥ ಚಿತ್ರಗಳಿಂದ ನಮ್ಮವರ ಫೋನುಗಳು ಉಸಿರುಕಟ್ಟಿದುದನ್ನು ಕಂಡು ಗೂಗಲ್ ಕಂಪನಿಯವರು ಫೈಲ್ಸ್ ಗೋ ಎಂಬ ತಂತ್ರಾಂಶಕ್ಕೆ ಅವುಗಳನ್ನು ಹೆಕ್ಕಿ ಅಳಿಸುವ ವಿದ್ಯೆಯನ್ನು ಕಲಿಸಬೇಕಾಯಿತು. ನಿರ್ಣಯವೇನೆಂದರೆ ಶಯನಗೃಹದಲ್ಲಿ ಯಂತ್ರಕ್ಕೆ ಪ್ರವೇಶವಿಲ್ಲ. ಎಬ್ಬಿಸುವುದಕ್ಕೆ ಕೀಲಿಕೊಡುವ ಗಡಿಯಾರ ಸಾಕು. ಅದು ಗಂಟೆ ಬಾರಿಸಿದ ಮೇಲೆ ಬೇರೆ ಯಾವ ಸುದ್ದಿಯನ್ನೂ ಹೇಳುವುದಿಲ್ಲ.

ಈ ಸಿದ್ಧಾಂತಗಳು ನನಗೆ ಸ್ಫುರಿಸಿದ್ದು ತಪಸ್ಸಿನಿಂದಲ್ಲ, ಅಪಘಾತದಿಂದ. ಕಳೆದ ಆಷಾಢದ ದಶಮಿಯ ರಾತ್ರಿ, ಚರ್ಮದ ಚೀಲವನ್ನೇ ತೊಟ್ಟಿದ್ದ ನನ್ನ ಯಂತ್ರ ಬಚ್ಚಲಿನ ಬಕೆಟ್ಟಿಗೆ ಬಿದ್ದಿತು. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿ ಹೂಳುವುದು ಲೋಕರೂಢಿ. ಹಾಗೆ ಮಾಡಕೂಡದು, ಅಕ್ಕಿಯ ಕಣಗಳಿಂದ ಹಾನಿಯಾದೀತು ಎಂದು ಆಪಲ್ ಕಂಪನಿಯವರು 2024ರಲ್ಲಿ ತಿಳಿಯಪಡಿಸಿದ್ದರೂ ರೂಢಿಯೇ ಬಲವತ್ತರವೆಂದು ಬಗೆದು, ಕತ್ತಲಲ್ಲಿ ಕೈಗೆ ಸಿಕ್ಕಿದ ಡಬ್ಬಿಯಲ್ಲಿ ಅದನ್ನು ಕಂಠಮಟ್ಟ ಹುಗಿದೆನು. ಆ ತಂಡುಲವಾಸ ಒಂದು ರಾತ್ರಿ, ಒಂದು ಹಗಲು, ಮತ್ತೊಂದು ರಾತ್ರಿ ನಡೆಯಿತು. ಮೊದಲ ಗಂಟೆಗಳಲ್ಲಿ ತೊಡೆಯ ಮೇಲೆ ಯಂತ್ರ ನಡುಗಿದಂತಾಗಿ ಜೇಬಿಗೆ ಕೈಹಾಕುವೆ, ಅಲ್ಲಿ ಯಂತ್ರವಿಲ್ಲ. ಅದ್ವೈತಿಗಳು ಹೇಳುವ ಹಗ್ಗದ ಹಾವಿಗೆ ಹಗ್ಗವಾದರೂ ಉಂಟು; ಇಲ್ಲಿ ಹಗ್ಗವೂ ಇಲ್ಲದೆ ಹಾವು ಕಾಣುತ್ತಿತ್ತಾದ್ದರಿಂದ, ಅಧಿಷ್ಠಾನವಿಲ್ಲದ ಭ್ರಮೆ ಸಾಧ್ಯವೆಂಬ ಶೂನ್ಯವಾದಿಗಳ ಪಕ್ಷವನ್ನು ಅರ್ಧ ದಿನದ ಮಟ್ಟಿಗೆ ಒಪ್ಪಬೇಕಾಯಿತು. ಸಂಜೆಯ ಹೊತ್ತಿಗೆ ಹಿತ್ತಾಳೆಯ ಫಿಲ್ಟರಿನಲ್ಲಿ ಡಿಕಾಕ್ಷನ್ನು ತೊಟ್ಟು ತೊಟ್ಟಾಗಿ ಇಳಿಯುವ ಸದ್ದು ಕಿವಿಗೆ ಬಿದ್ದಿತು. ಮೊದಲು ತಡೆದು ತಡೆದು, ಆಮೇಲೆ ಬೇಗ, ಕಡೆಯಲ್ಲಿ ಮತ್ತೆ ನಿಧಾನ. ಅದಕ್ಕೆ ಸದ್ದಿದೆಯೆಂಬುದೇ ನನಗೆ ಮರೆತುಹೋಗಿತ್ತು.

ಪೂರ್ಣಸಂನ್ಯಾಸ ಎಲ್ಲರಿಗೂ ವಿಹಿತವಲ್ಲವಾದ್ದರಿಂದ ಗೃಹಸ್ಥರಿಗೆ ಚಾತುರ್ಮಾಸ್ಯದ ಕ್ರಮವನ್ನು ವಿಧಿಸುತ್ತೇನೆ. ನಮ್ಮ ಹಿರಿಯರು ಆಷಾಢದಿಂದ ಕಾರ್ತಿಕದವರೆಗೆ ಒಂದು ತಿಂಗಳು ತರಕಾರಿಯನ್ನೂ ಒಂದು ತಿಂಗಳು ಮೊಸರನ್ನೂ ಮತ್ತೊಂದು ತಿಂಗಳು ಹಾಲನ್ನೂ ಕೊನೆಯದರಲ್ಲಿ ದ್ವಿದಳ ಧಾನ್ಯಗಳನ್ನೂ ಬಿಡುತ್ತಿದ್ದರೇ ಹೊರತು ಎಲ್ಲವನ್ನೂ ಒಟ್ಟಿಗೆ ಬಿಟ್ಟು ಸಾಯುತ್ತಿರಲಿಲ್ಲ. ಶಾಕವ್ರತದಲ್ಲಿ ಮೆಣಸಿನಕಾಯಿ ಹೋದರೆ ಕಾಳುಮೆಣಸು ಒದಗುತ್ತಿತ್ತು, ಮೊಸರಿನ ವ್ರತ ಮುಗಿದ ದಿನದ ಮೊಸರಿನ ರುಚಿಯನ್ನು ಅವರನ್ನೇ ಕೇಳಬೇಕು. ಅದರಂತೆ ಮೊದಲ ಮಾಸ ಚಲಚ್ಚಿತ್ರತುಣುಕುಗಳ ತ್ಯಾಗ. ಎರಡನೆಯದರಲ್ಲಿ ಕುಟುಂಬದ ಗುಂಪಿಗೆ ಮೌನಮುದ್ರೆ, ಅಂದರೆ ಗಂಟೆಯ ಚಿತ್ರಕ್ಕೆ ಗೀಟೆಳೆಯುವುದು. ಮೂರನೆಯದರಲ್ಲಿ ಪರದೆಯ ಬಣ್ಣವನ್ನೆಲ್ಲ ತೆಗೆದು ಕಪ್ಪು-ಬಿಳುಪು ಮಾಡುವ ವರ್ಣಸಂನ್ಯಾಸ, ಇದರಿಂದ ಹಲ್ವವು ಗಾರೆಯಂತೆ ಕಾಣುವುದು. ನಾಲ್ಕನೆಯದರಲ್ಲಿ ಉಣ್ಣುವಾಗ ಯಂತ್ರವರ್ಜನ. ಏಕಾದಶಿಯಂದು ಎಲ್ಲವೂ ವರ್ಜ್ಯ. ಅಂದು ಅನ್ನವನ್ನು ಬಿಟ್ಟು ಎರಡು ತಟ್ಟೆ ಉಪ್ಪಿಟ್ಟು ತಿನ್ನುವವರಂತೆ, ಮೊಬೈಲನ್ನು ಬಿಟ್ಟು ಲ್ಯಾಪ್‌ಟಾಪು ತೆರೆಯುವವರೂ ಇದ್ದಾರೆ. ಅವರ ಗತಿ ಉಪ್ಪಿಟ್ಟಿನವರ ಗತಿಯೇ.

ಗ್ರಂಥ ಇಷ್ಟಾದ ಮೇಲೆ, ಶಿಷ್ಟರ ಸಮ್ಮತಿಯಿಲ್ಲದೆ ಅದನ್ನು ಹೊರಗೆಡಹಬಾರದೆಂಬ ನಿಯಮದಂತೆ, ಮಡಿಯಲ್ಲಿದ್ದ ಅತ್ತೆಯವರಿಗೆ ಹೊಸ್ತಿಲಾಚೆಯಿಂದ ಸಮಗ್ರವಾಗಿ ಓದಿ ಹೇಳಿದೆ. ಶೂನ್ಯವಾದದ ಬಳಿ ಅವರು ಸ್ವಲ್ಪ ತೂಕಡಿಸಿದರು. ಉಪ್ಪಿಟ್ಟಿನ ಮಾತಿಗೆ ಹುಬ್ಬು ಗಂಟಿಕ್ಕಿದರು. ಮುಗಿದ ಮೇಲೆ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು:

“ಅದೆಲ್ಲ ಸರಿ ಕಣೋ. ಯಾವ ಡಬ್ಬೀಲಿ ಇಟ್ಟಿದ್ದೆ ಅದನ್ನ?”

“ಮೇಲಿನ ಹಲಗೆಯದು ಅತ್ತೆ.”

“ಹಿತ್ತಾಳೆದೋ, ಸ್ಟೀಲಿಂದೋ?”

“ಹಿತ್ತಾಳೆಯದು.”

ಹಿತ್ತಾಳೆಯ ಡಬ್ಬಿಯಲ್ಲಿ ಇರುವುದು ಅತ್ತೆಯ ಮಡಿಯಕ್ಕಿ. ದಶಮಿಯ ರಾತ್ರಿಯಿಂದ ದ್ವಾದಶಿಯ ಮುಂಜಾವದವರೆಗೆ ಚರ್ಮದ ಚೀಲಸಮೇತ ಯಂತ್ರವು ಮಲಗಿದ್ದ ಆ ಅಕ್ಕಿಯಿಂದಲೇ, ನಿರ್ಜಲ ಉಪವಾಸ ಮುಗಿಸಿದ ಅತ್ತೆ ಪಾರಣೆಯ ಅನ್ನವನ್ನು ಮಾಡಿ, ದೇವರಿಗೂ ತೋರಿಸಿ, ನನಗೂ ಬಡಿಸಿದ್ದರು. ಅವರು ಮಾತಾಡಲಿಲ್ಲ. ಗೂಟದ ಕಡೆಗೆ ತಿರುಗಿ ಮಡಿಕೋಲನ್ನು ಕೈಗೆ ತೆಗೆದುಕೊಂಡರು. ಒಣಮರದ ಸ್ಪರ್ಶವನ್ನು ಗಾಜು ಅರಿಯದಿರಬಹುದು. ನನ್ನ ಮೊಣಕಾಲು ಅರಿಯಿತು.